ಬೇಲೂರು: ದೇಗುಲವೂ ಊರೂ

ಬೇಲೂರೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಲ್ಲಿನ ಮದನಿಕೆಯರು. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳ ಕೈಯಲ್ಲಿ ಗಿಳಿಯಿದೆ, ಇನ್ನೊಬ್ಬಳು ನಾಟ್ಯದ ಭಂಗಿಯಲ್ಲಿ ನಿಂತಿದ್ದಾಳೆ. ಡಿ. ವಿ. ಗುಂಡಪ್ಪನವರಿಂದ ‘ಅಂತಃಪುರಗೀತೆ’ಯನ್ನು ಹಾಡಿಸಿದವರೂ ಇವರೇ. ಪಟ್ಟಣಗಳಿಂದ ಹೋಗುವ ನಾವು ದೇವಾಲಯವನ್ನು ಒಂದು ಸುತ್ತು ಬಂದು, ಶಿಲ್ಪಿಗಳ ಚಾತುರ್ಯವನ್ನು ಕೊಂಡಾಡಿ, ಹೊತ್ತು ಮುಳುಗುವ ಮೊದಲೇ ಹಳೇಬೀಡಿನ ದಾರಿ ಹಿಡಿಯುತ್ತೇವೆ. ಆ ಗೋಪುರದ ಹೊರಗೆ ಒಂದು ಊರು ಇದೆಯೆಂಬುದನ್ನು ಮಾತ್ರ ಗಮನಿಸುವುದಿಲ್ಲ. ಈ ಹೊತ್ತು ನಾವು ಆ ಊರಿನ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಬೇಲೂರು ಹಾಸನ ಜಿಲ್ಲೆಯಲ್ಲಿ ಯಗಚಿ ನದಿಯ ದಡದಲ್ಲಿದೆ. ಯಗಚಿಯು ಮುಂದೆ ಹೇಮಾವತಿಯನ್ನು ಕೂಡಿಕೊಳ್ಳುತ್ತದೆ. ಪಶ್ಚಿಮಕ್ಕೆ ಮಲೆನಾಡಿನ ಕಾಫಿಯ ತೋಟಗಳು, ಪೂರ್ವಕ್ಕೆ ಬಯಲುಸೀಮೆಯ ಹೊಲಗಳು. ಎರಡು ಸೀಮೆಗಳು ಸಂಧಿಸುವ ಎಡೆಯಾದುದರಿಂದ ವ್ಯಾಪಾರಕ್ಕೂ ದಂಡಿನ ಸಂಚಾರಕ್ಕೂ ಇದು ಅನುಕೂಲವಾದ ಸ್ಥಳ. ಹಳೆಯ ಬರಹಗಳಲ್ಲಿ ಇದಕ್ಕೆ ವೇಲಾಪುರವೆಂಬ ಹೆಸರುಂಟು. ಹೊಯ್ಸಳರು ಮೂಡಿಗೆರೆ ಸೀಮೆಯ ಸೊಸೆವೂರಿನಿಂದ, ಎಂದರೆ ಈಗಿನ ಅಂಗಡಿಯಿಂದ, ಕೆಳಗಿಳಿದು ಬಂದಾಗ ಇದನ್ನು ತಮ್ಮ ನೆಲೆಯನ್ನಾಗಿ ಮಾಡಿಕೊಂಡರು. ಬಳಿಕ ದೋರಸಮುದ್ರವು ಅವರ ರಾಜಧಾನಿಯಾಯಿತು.

1116ರಲ್ಲಿ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡನು. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇಂದು ನಾವು ಚೆನ್ನಕೇಶವನೆಂದು ಕರೆಯುವುದು ಈತನನ್ನೇ. ರಾಣಿ ಶಾಂತಲೆಯು ಅದೇ ಪ್ರಾಕಾರದೊಳಗೆ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ಆಕೆ ಜೈನಧರ್ಮಾವಲಂಬಿ ಎಂಬುದನ್ನು ನಾವು ಮರೆಯಲಾಗದು. ಬಳಪದ ಕಲ್ಲಿನಲ್ಲಿ ಕೆಲಸಮಾಡಿದ ಶಿಲ್ಪಿಗಳು ಅನಾಮಿಕರಾಗಿ ಉಳಿಯಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನು ವಿಗ್ರಹಗಳ ಪೀಠದಲ್ಲಿಯೇ ಕೆತ್ತಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೇಲೂರಿಗೂ ದೋರಸಮುದ್ರಕ್ಕೂ ನಡುವೆ ಇರುವ ದೂರ ಸುಮಾರು 16 ಕಿಲೋಮೀಟರು. ಎರಡೂ ಒಂದೇ ರಾಜವಂಶದ ಕೃಪೆಯಲ್ಲಿ ಬೆಳೆದುವು. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ನುಗ್ಗಿತು. ಅದಾದ ಮೇಲೆಯೂ ದಾಳಿಗಳು ನಡೆದುವು. ರಾಜ್ಯವು ಅಳಿದೊಡನೆ ಆ ಮಹಾನಗರವು ‘ಹಳೆಯ ಬೀಡು’ ಆಯಿತು. ಬೇಲೂರು ಮಾತ್ರ ಬೇಲೂರಾಗಿಯೇ ಉಳಿಯಿತು. ಇದಕ್ಕೆ ಕಾರಣವೇನು?

ಬೇಲೂರು ಪೆಟ್ಟು ತಿನ್ನಲಿಲ್ಲವೆಂದಲ್ಲ. ಕಲಬುರಗಿಯ ಕಡೆಯಿಂದ ಬಂದ ದಂಡು ದೇವಾಲಯದ ಮಹಾದ್ವಾರವನ್ನು ಸುಟ್ಟಿತು. ವಿಜಯನಗರದ ಎರಡನೆಯ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಅದನ್ನು ಮತ್ತೆ ಎತ್ತಿಸಿದನು. ಅರಸರು ಬದಲಾದರು, ಬೇಲೂರು ಪಾಳೆಯಗಾರರ ಕೈಸೇರಿತು. ಹದಿನೇಳನೆಯ ಶತಮಾನದ ನಡುವೆ, ರಾಜ್ಯಭ್ರಷ್ಟನಾದ ವಿಜಯನಗರದ ಕೊನೆಯ ದೊರೆ ಶ್ರೀರಂಗರಾಯನಿಗೆ ಕೆಳದಿಯ ಶಿವಪ್ಪನಾಯಕನು ಆಶ್ರಯವಿತ್ತು ನೆಲೆಗೊಳಿಸಿದುದು ಈ ಬೇಲೂರಿನಲ್ಲಿಯೇ. ಆಮೇಲೆ ಊರು ಮೈಸೂರಿಗೆ ಸೇರಿತು. ಇಷ್ಟು ಕೈಗಳು ಬದಲಾದರೂ ಕೇಶವನ ಗುಡಿಯ ದೀಪ ಆರಲಿಲ್ಲ.

ನಮಗೆ ತೋರುವ ಉತ್ತರವಿದು: ದೋರಸಮುದ್ರವು ಅರಮನೆಯನ್ನು ನಂಬಿದ ಊರು, ಬೇಲೂರು ದೇವರ ಸೇವೆಯನ್ನು ನಂಬಿದ ಊರು. ಅರಮನೆಗೆ ಒಡೆಯನೊಬ್ಬ, ಸೇವೆಗಾದರೋ ಪಾಲುಗಾರರು ಹಲವರು. ಪೂಜೆಗೆ, ನೈವೇದ್ಯಕ್ಕೆ, ಸೇವಕರ ಜೀವನಕ್ಕೆ ಭೂಮಿಗಳು ದತ್ತಿಯಾಗಿ ಬಂದುವು. ಉಳುವವನು, ಹೂ ಕಟ್ಟುವವನು, ವಾದ್ಯ ನುಡಿಸುವವನು, ತೇರು ಕಟ್ಟುವವನು, ಎಲ್ಲರಿಗೂ ಈ ದೇವರಲ್ಲಿ ಒಂದೊಂದು ಪಾಲು. ಪಾಲು ಉಳ್ಳವನು ಊರು ಬಿಟ್ಟು ಹೋಗುವುದಿಲ್ಲ. ಸುಟ್ಟ ಬಾಗಿಲನ್ನು ಕಟ್ಟಿಸದೆಯೂ ಇರುವುದಿಲ್ಲ.

ಈ ಪಾಲು ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಒಂದು ನಿದರ್ಶನ. ಕೇಶವನ ದೇವಿಯು ಬಾಬಾಬುಡನ್ ಗಿರಿಯಲ್ಲಿದ್ದಾಳೆ, ದೇವರು ಅಲ್ಲಿಗೆ ನಡೆದು ಹೋಗಿ ಬರುತ್ತಾನೆ ಎಂದು ಜನರ ನಂಬಿಕೆ. ನಡೆದರೆ ಪಾದರಕ್ಷೆ ಸವೆಯಬೇಕಷ್ಟೆ. ಹೊಸ ಜೊತೆಯನ್ನು ಮಾಡಿ ತರುವವರು ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರು. ಅದನ್ನು ಒಪ್ಪಿಸುವುದಕ್ಕಾಗಿ ಗುಡಿಯ ಅಂಗಳದೊಳಕ್ಕೆ ಬರುವ ಹಕ್ಕು ಅವರಿಗಿತ್ತೆಂದು ರೈಸ್ ಅವರ ಮೈಸೂರು ಗೆಜೆಟಿಯರು ಹೇಳುತ್ತದೆ. ಕಥೆ ಸೊಗಸಾದುದೇ. ಆದರೆ ಅದರ ಇನ್ನೊಂದು ಮುಖವನ್ನೂ ನಾವು ನೋಡಬೇಕು. ದೇವರ ಪಾದಕ್ಕೆ ರಕ್ಷೆ ಹೊಲಿದವನು ಅಂಗಳಕ್ಕೆ ಬರಲು ವಿಶೇಷದ ಹಕ್ಕು ಬೇಕಾಗಿದ್ದಿತೆಂದರೆ, ಉಳಿದ ದಿನಗಳಲ್ಲಿ ಅವನಿಗೆ ಬಾಗಿಲು ಮುಚ್ಚಿತ್ತೆಂದೇ ಅರ್ಥ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಪಾಲು ಎಂಬುದು ಅನುಗ್ರಹವಾಗಿ ದೊರೆಯುವುದಕ್ಕೂ ಹಕ್ಕಾಗಿ ದೊರೆಯುವುದಕ್ಕೂ ಅಂತರ ಬಹಳ.

ಎರಡನೆಯ ನಿದರ್ಶನ ಚೈತ್ರಮಾಸದ ರಥೋತ್ಸವ. ಎರಡು ದಿನಗಳ ಈ ಉತ್ಸವದಲ್ಲಿ, ತೇರು ಹೊರಡುವ ಮುನ್ನ ದೊಡ್ಡಮೇದೂರಿನ ಖಾಜಿಯವರು ಕುರಾನಿನ ವಾಕ್ಯಗಳನ್ನು ಪಠಿಸುವ ಪದ್ಧತಿಯು ಹಲವು ತಲೆಮಾರುಗಳಿಂದ ನಡೆದು ಬಂದಿತು. 2022ರಲ್ಲಿ ಕೆಲವರು ಇದಕ್ಕೆ ಆಕ್ಷೇಪವೆತ್ತಿದರು. ದೇವಾದಾಯ ಇಲಾಖೆಯು ಪದ್ಧತಿಯನ್ನು ನಡೆಸಿಕೊಂಡು ಹೋಗಲು ಅನುಮತಿಯಿತ್ತಿತು. ಪಠನವೂ ನಡೆಯಿತು, ತೇರೂ ಹರಿಯಿತು. ಮರುವರ್ಷ ಮತ್ತೆ ವಿವಾದವೆದ್ದಿತು. ಸಂಪ್ರದಾಯದ ಮೂಲ ಯಾವುದು, ಅದು ಎಷ್ಟು ಹಳೆಯದು ಎಂಬುದನ್ನು ಕುರಿತು ವಾದಿಸುವವರು ವಾದಿಸಲಿ. ಶೈವರು, ವೇದಾಂತಿಗಳು, ಬೌದ್ಧರು, ಜೈನರು ಬೇರೆ ಬೇರೆ ಹೆಸರುಗಳಿಂದ ಪೂಜಿಸುವುದು ಒಬ್ಬನನ್ನೇ, ಅವನೇ ಈ ಕೇಶವ ಎಂಬ ಭಾವದ ಶ್ಲೋಕವೊಂದು ಬೇಲೂರಿನ ಶಾಸನದಲ್ಲಿಯೇ ಇದೆ. ಆ ಶ್ಲೋಕವನ್ನು ಕಲ್ಲಿನಲ್ಲಿ ಓದಿ ಮೆಚ್ಚುವುದು ಸುಲಭ. ಬೀದಿಯಲ್ಲಿ ಉಳಿಸಿಕೊಳ್ಳುವುದು ಕಷ್ಟ.

ಈಚೆಗೆ ಊರಿಗೆ ಇನ್ನೊಂದು ಗೌರವವೂ ಅದರೊಡನೆ ಒಂದು ಹೊಣೆಯೂ ಬಂದಿವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಸಲ್ಲದು, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟಕೂಡದು ಎಂಬ ಕಾನೂನು 2010ರಿಂದಲೇ ಇದೆ. ಸ್ಮಾರಕಕ್ಕೆ ಇದು ಅವಶ್ಯವಾದ ರಕ್ಷಣೆ. ಇದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಗುಡಿಯ ನೆರಳಿನಲ್ಲಿ ತಲೆತಲಾಂತರದಿಂದ ಬಾಳಿದ ಮನೆಯವನು ತನ್ನ ಸೋರುವ ಮಾಡನ್ನು ರಿಪೇರಿ ಮಾಡಿಸುವುದಕ್ಕೂ ಅಪ್ಪಣೆಯನ್ನು ಕಾಯಬೇಕಾಗುತ್ತದೆ. ಅವನು ಬೇಸತ್ತು ಹೊರಟುಹೋದರೆ, ಮುಂದೊಂದು ದಿನ ಕಲ್ಲು ಉಳಿದು ಊರು ಅಳಿದೀತು. ಅದಕ್ಕೆ ಏನು ಹೆಸರೆಂಬುದನ್ನು 16 ಕಿಲೋಮೀಟರು ದೂರದ ಊರು ಆಗಲೇ ಹೇಳಿದೆ.

ಆದುದರಿಂದ ಮುಂದಿನ ಸಲ ಬೇಲೂರಿಗೆ ಹೋದಾಗ ಮದನಿಕೆಯರನ್ನು ನೋಡಿದ ಮೇಲೆ ಗಾಡಿ ಹತ್ತಲು ಅವಸರಪಡಬೇಡಿರಿ. ಗೋಪುರದಿಂದ ಹೊರಬಂದು ತೇರಿನ ಬೀದಿಯಲ್ಲಿ ಒಂದು ಸುತ್ತು ನಡೆಯಿರಿ. ವಿಷ್ಣುಸಮುದ್ರದ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿರಿ. ಅಂಗಡಿಯವನೊಡನೆ, ಹೂವಿನವಳೊಡನೆ ನಾಲ್ಕು ಮಾತನಾಡಿರಿ. ಒಂಬೈನೂರು ವರ್ಷಗಳ ಕಾಲ ಆ ಕಲ್ಲುಗಳನ್ನು ಕಾಪಾಡಿದುದು ಅರಸರ ಕತ್ತಿಯೊಂದೇ ಅಲ್ಲ, ಇಂಥವರ ಹಿರಿಯರ ನಿತ್ಯದ ಬಾಳು ಎಂಬುದು ಆಗ ನಿಮಗೆ ತಾನಾಗಿಯೇ ತಿಳಿದುಬರುವುದು.