ಕಾರ್ಡ್ ಒಂದಿದ್ದರೆ ಸಾಕಾ?

ಚಿಕ್ಕಪ್ಪನಿಗೆ ಹೃದಯದ ಆಪರೇಷನ್ ಆಗಬೇಕು ಅಂದಾಗ ಅವರ ಬಿಪಿಎಲ್ ಕಾರ್ಡ್ ಹಿಡಿದು ಸೀದಾ ಖಾಸಗಿ ಆಸ್ಪತ್ರೆಗೆ ಹೋದ್ವಿ. ‘ರೆಫರಲ್ ಪತ್ರ ಎಲ್ಲಿ?’ ಅಂದರು ಕೌಂಟರಿನವರು. ದಿನವಿಡೀ ಸಾಫ್ಟ್‌ವೇರ್ ಬರೆಯೋ ನನಗೂ ಈ ನಿಯಮ ಗೊತ್ತಿರಲಿಲ್ಲ!

2018ರಲ್ಲಿ ರಾಜ್ಯದ ಹಲವು ಯೋಜನೆಗಳನ್ನು ಸೇರಿಸಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಪತ್ರ ಕೊಟ್ಟು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳಿಸ್ತಾರೆ. ತುರ್ತು ಇದ್ದಾಗ ಮಾತ್ರ ನೇರ ಹೋಗಬಹುದು.

ಸರ್ಕಾರಿ ಆಸ್ಪತ್ರೆ ಖಾಲಿ ಬಿಟ್ಟು ದುಡ್ಡೆಲ್ಲ ಖಾಸಗಿಗೆ ಹರಿಯಬಾರದು ಅನ್ನೋ ಲೆಕ್ಕ ಸರಿಯೇ. ಆದರೆ ಆ ಪತ್ರಕ್ಕಾಗಿ ಅಲೆದ ಎರಡು ದಿನ ಚಿಕ್ಕಮ್ಮ ಸರಿಯಾಗಿ ಊಟ ಮಾಡಲಿಲ್ಲ. ಕಾಯಿಲೆ ಬರೋ ಮುಂಚೆಯೇ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿಟ್ಟುಕೊಳ್ಳಿ.