ಹುಳ ಬೀಳುವ ಮರವನ್ನೇ ನೆಡಿ

ಕರೋಲಿನಾ ಚಿಕಡೀ ಎಂಬುದು ಅಮೆರಿಕದ ಆಗ್ನೇಯ ರಾಜ್ಯಗಳ ಪುಟ್ಟ ಹಕ್ಕಿ. ನಮ್ಮಲ್ಲಿನ ಚೇಕಡಿ ಹಕ್ಕಿಯ ಕುಟುಂಬಕ್ಕೇ ಸೇರಿದ್ದು. ನೆತ್ತಿ ಕಪ್ಪು, ಗಂಟಲು ಕಪ್ಪು, ಕೆನ್ನೆ ಬಿಳಿ, ತೂಕ ಹತ್ತು ಗ್ರಾಂ ಆಸುಪಾಸು. ಚಳಿಗಾಲದಲ್ಲಿ ಜನ ಹಿತ್ತಲಲ್ಲಿ ತೂಗುಹಾಕುವ ಸೂರ್ಯಕಾಂತಿ ಬೀಜಕ್ಕೆ ತಪ್ಪದೆ ಬರುತ್ತದೆ. ಹಾಗಾಗಿ ಬೀಜ ಇಟ್ಟರೆ ಹಕ್ಕಿಯನ್ನು ಸಾಕಿದಂತಾಯಿತು ಎಂದುಕೊಂಡವರು ಬಹಳ. ಆದರೆ ವಸಂತದಲ್ಲಿ ಗೂಡಿನೊಳಗೆ ಮರಿಗಳಾದ ಮೇಲೆ ಲೆಕ್ಕವೇ ಬೇರೆ. ಮರಿಗಳ ಹೊಟ್ಟೆಗೆ ಬೇಕಾದದ್ದು ಚಿಟ್ಟೆ, ಪತಂಗಗಳ ಮರಿಹುಳು. ಒಂದು ಗೂಡಿನ ಮರಿಗಳು ರೆಕ್ಕೆ ಬಲಿತು ಹಾರುವಷ್ಟರಲ್ಲಿ, ಅಂದರೆ ಸುಮಾರು ಹದಿನಾರು ಹದಿನೆಂಟು ದಿನಗಳಲ್ಲಿ, ತಂದೆ ತಾಯಿ ಸೇರಿ 6,000ದಿಂದ 9,000 ಹುಳುಗಳನ್ನು ಹಿಡಿದು ತರಬೇಕು. ಈ ಅಂದಾಜು 1961ರಷ್ಟು ಹಿಂದೆಯೇ ಪ್ರಕಟವಾಗಿದೆ. ಗೂಡು ಬಿಟ್ಟ ಮೇಲೂ ಕೆಲವು ವಾರ ಮರಿಗಳು ಬಾಯಿ ತೆರೆದುಕೊಂಡೇ ತಂದೆ ತಾಯಿಯ ಹಿಂದೆ ಸುತ್ತುತ್ತವೆ. ಆ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ.

ಹುಳುವೇ ಯಾಕೆ? ಅದು ಮೆತ್ತಗಿರುತ್ತದೆ. ಜೀರುಂಡೆಯ ಗಟ್ಟಿ ಚಿಪ್ಪಿನಂತೆ ಮರಿಯ ಗಂಟಲಿಗೆ ಚುಚ್ಚುವುದಿಲ್ಲ. ಕೊಬ್ಬು, ಪ್ರೋಟೀನು ಎರಡೂ ಧಾರಾಳ. ಎಲೆಯಿಂದ ಬಂದ ಕೆರೊಟಿನಾಯ್ಡುಗಳೂ ಅದರಲ್ಲಿ ತುಂಬಿರುತ್ತವೆ. ಕೆಲವೇ ಗ್ರಾಂ ತೂಗುವ ಹಕ್ಕಿ ಇಷ್ಟೊಂದು ಸಲ ಹೋಗಿ ಬರಬೇಕೆಂದರೆ ದೂರ ಅಲೆಯುವಂತಿಲ್ಲ. ಗೂಡಿನಿಂದ ಐವತ್ತು ಮೀಟರಿನ ವ್ಯಾಪ್ತಿಯಲ್ಲೇ ಬಹುಪಾಲು ಬೇಟೆ ಮುಗಿಯಬೇಕು. ಆ ಐವತ್ತು ಮೀಟರಿನೊಳಗೆ ಏನು ಬೆಳೆದಿದೆ ಎಂಬುದರ ಮೇಲೆ ಗೂಡಿನ ಹಣೆಬರಹ ನಿಂತಿದೆ.

ಅಲ್ಲಿ ಸಾಮಾನ್ಯವಾಗಿ ಬೆಳೆದಿರುವುದು ಹುಲ್ಲುಹಾಸು. ಉಪಗ್ರಹ ಚಿತ್ರಗಳ ನೆರವಿನಿಂದ 2005ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಅಮೆರಿಕದ ಲಾನ್‌ಗಳ ಒಟ್ಟು ವಿಸ್ತೀರ್ಣ ಸುಮಾರು 1.6 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರ್. ಇಷ್ಟು ದೊಡ್ಡ ನೆಲದಲ್ಲಿ ವಾರವಾರ ಕತ್ತರಿಸುವ ಹುಲ್ಲು, ನಡುವೆ ಅಲಂಕಾರಕ್ಕೆಂದು ಚೀನಾ ಮೂಲದ ಗಿಂಕ್ಗೊ, ಬ್ರಾಡ್‌ಫರ್ಡ್ ಪೇರ್‌ನಂಥ ಮರಗಳು. ನರ್ಸರಿಗಳಲ್ಲಿ ಇಂಥ ಮರಗಳಿಗೆ ಸಿಗುವ ದೊಡ್ಡ ಶಿಫಾರಸು ಒಂದೇ, ಹುಳ ಬೀಳುವುದಿಲ್ಲ ಎನ್ನುವುದು. ಹಕ್ಕಿಯ ಕಡೆಯಿಂದ ನೋಡಿದರೆ ಹುಳ ಬೀಳದ ಮರ ಖಾಲಿ ಉಗ್ರಾಣ.

ಈ ಮಾತನ್ನು ಅಂಕಿಗಳ ಸಮೇತ ಜನರ ಮುಂದಿಟ್ಟವರು ಡೆಲವೇರ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿ. ಯಾವ ಗಿಡವನ್ನು ಎಷ್ಟು ಬಗೆಯ ಚಿಟ್ಟೆ, ಪತಂಗಗಳ ಹುಳು ತಿನ್ನುತ್ತವೆ ಎಂದು ಅವರು ಮತ್ತು ಅವರ ಸಹೋದ್ಯೋಗಿ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಪಟ್ಟಿ ಮಾಡಿದರು. 2009ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ, ಅಟ್ಲಾಂಟಿಕ್ ತೀರದ ನಡು ರಾಜ್ಯಗಳ ಮಟ್ಟಿಗೆ, ಮೊದಲ ಸ್ಥಾನ ಓಕ್ ಮರದ್ದು. 534 ಪ್ರಭೇದದ ಹುಳುಗಳು ಓಕ್ ಎಲೆಯನ್ನು ಅವಲಂಬಿಸಿವೆ. ಗಿಂಕ್ಗೊ ಮರಕ್ಕೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. 2020ರಲ್ಲಿ ಇದೇ ತಂಡದ ಇನ್ನೊಂದು ಅಧ್ಯಯನ ದೇಶದುದ್ದಕ್ಕೂ ನೋಡಿ ಹೇಳಿದ್ದು ಇನ್ನೂ ಮುಖ್ಯವಾದ ಸಂಗತಿ. ಸ್ಥಳೀಯ ಸಸ್ಯಕುಲಗಳಲ್ಲಿ ಶೇ. 14ರಷ್ಟು ಮಾತ್ರ ಸೇರಿ ಶೇ. 90ರಷ್ಟು ಚಿಟ್ಟೆ, ಪತಂಗ ಪ್ರಭೇದಗಳನ್ನು ಪೊರೆಯುತ್ತಿವೆ. ಅಂದರೆ ಸ್ಥಳೀಯ ಮರಗಳಲ್ಲೂ ಎಲ್ಲವೂ ಸಮನಲ್ಲ. ಕೆಲವೇ ಮರಗಳು ಇಡೀ ಊರಿನ ಭಾರ ಹೊತ್ತಿವೆ. ನೆಡುವುದು ಒಂದೇ ಮರ ಎಂದಾದರೆ ಅಂಥದ್ದನ್ನೇ ನೆಡಬೇಕು.

ಒಂದು ಹುಳಕ್ಕೆ ಒಂದೇ ಗಿಡ ಯಾಕೆ ಎಂದು ರೇಷ್ಮೆ ಸಾಕುವ ರಾಮನಗರದ ರೈತರಿಗೆ ಹೇಳಿಕೊಡಬೇಕಿಲ್ಲ. ಹಿಪ್ಪುನೇರಳೆ ಸೊಪ್ಪು ತೀರಿದ ದಿನ ಪಕ್ಕದಲ್ಲೇ ಇರುವ ಮಾವಿನ ಸೊಪ್ಪು ಹಾಕಿ ಹುಳವನ್ನು ಉಳಿಸಲಾಗದು. ಪ್ರತಿ ಗಿಡವೂ ತನ್ನ ಎಲೆಯಲ್ಲಿ ಏನಾದರೊಂದು ಕಹಿ, ಒಗರು, ವಿಷ ಇಟ್ಟುಕೊಂಡಿರುತ್ತದೆ. ಅದನ್ನು ಜೀರ್ಣಿಸಿಕೊಳ್ಳುವ ಕಸುಬನ್ನು ಕೀಟವೊಂದು ಲಕ್ಷಾಂತರ ವರ್ಷ ಜೊತೆಗೆ ಬಾಳಿ ಕಲಿತಿರುತ್ತದೆ. ಒಂದನ್ನು ಕಲಿತದ್ದು ಇನ್ನೊಂದಕ್ಕೆ ಬಾರದು. ಚೀನಾದಿಂದ ಬಂದ ಮರದ ರಸಾಯನ ಅಮೆರಿಕದ ಹುಳಕ್ಕೆ ಅರ್ಥವಾಗದಿರುವುದು ಇದಕ್ಕೇ.

ಓಕ್ ಇಟ್ಟುಕೊಂಡಿರುವ ಅಸ್ತ್ರ ಟ್ಯಾನಿನ್, ಅಡಿಕೆಯನ್ನು ಜಗಿದಾಗ ನಾಲಿಗೆ ಹಿಡಿಯುತ್ತದಲ್ಲ, ಆ ಒಗರು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಪಾಲ್ ಫೀನಿ ಎಂಬ ವಿಜ್ಞಾನಿ ಓಕ್ ಎಲೆಗಳನ್ನು ಮತ್ತೆ ಮತ್ತೆ ಕಿತ್ತು ಪರೀಕ್ಷಿಸಿ 1970ರಲ್ಲಿ ತೋರಿಸಿದ್ದೇನೆಂದರೆ, ಚಿಗುರಿನಲ್ಲಿ ಟ್ಯಾನಿನ್ ಕಡಿಮೆ, ಬೇಸಿಗೆ ಬಲಿತಂತೆ ಅದು ಏರುತ್ತ ಹೋಗುತ್ತದೆ, ಎಲೆಯೂ ತೊಗಲಿನಂತಾಗುತ್ತದೆ. ಹಾಗಾಗಿ ಅಲ್ಲಿನ ವಿಂಟರ್ ಮಾತ್ ಎಂಬ ಪತಂಗದ ಮೊಟ್ಟೆಗಳು ಓಕ್ ಚಿಗುರುವ ದಿನಗಳಿಗೇ ಸರಿಯಾಗಿ ಒಡೆಯುತ್ತವೆ. ಹುಳು ಮೈತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಗ್ರೇಟ್ ಟಿಟ್ ಹಕ್ಕಿಗಳು ಮರಿಮಾಡುತ್ತವೆ. ಅದೇ ಕಾಡಿನಲ್ಲಿ 1947ರಿಂದ ಈ ಹಕ್ಕಿಯ ಗೂಡುಗಳ ದಾಖಲೆ ನಡೆದು ಬಂದಿದೆ. ವಸಂತ ಬೇಗ ಬೆಚ್ಚಗಾಗುತ್ತಿರುವುದರಿಂದ ಹಕ್ಕಿಗಳು 1960ರ ದಶಕಕ್ಕಿಂತ ಎರಡು ವಾರದಷ್ಟು ಮುಂಚೆ ಮೊಟ್ಟೆ ಇಡತೊಡಗಿವೆ. ಮರ, ಹುಳು, ಹಕ್ಕಿ ಮೂರೂ ಒಟ್ಟಿಗೆ ಹೆಜ್ಜೆ ಬದಲಿಸಿದರೆ ಮಾತ್ರ ಮರಿಗಳ ಹೊಟ್ಟೆ ತುಂಬುತ್ತದೆ.

ಇಷ್ಟೆಲ್ಲ ಹುಳ ಬಿದ್ದರೆ ಮರ ಬೋಳಾಗುವುದಿಲ್ಲವೇ ಎಂಬ ಭಯ ಸಹಜ. ಸಾಮಾನ್ಯವಾಗಿ ಇಲ್ಲ, ಏಕೆಂದರೆ ತಿನ್ನುವವರನ್ನು ತಿನ್ನುವವರು ಅಲ್ಲೇ ಇದ್ದಾರೆ. ಅಮೆರಿಕದ ಮಿಸೂರಿ ಕಾಡಿನಲ್ಲಿ ರಾಬರ್ಟ್ ಮಾರ್ಕಿಸ್ ಮತ್ತು ಕ್ರಿಸ್ಟೋಫರ್ ವೀಲನ್ ಕೆಲವು ಬಿಳಿ ಓಕ್ ಸಸಿಗಳಿಗೆ ಹಕ್ಕಿ ನುಸುಳದ ಬಲೆ ಹೊದಿಸಿದರು. 1994ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಬಲೆಯೊಳಗಿನ ಸಸಿಗಳಲ್ಲಿ ಹುಳುಗಳು ಸುಮಾರು ಎರಡು ಪಟ್ಟು, ಎಲೆಗೆ ಆದ ನಷ್ಟ ಹೆಚ್ಚು, ಮುಂದಿನ ಬೆಳವಣಿಗೆ ಕಡಿಮೆ. ಹಕ್ಕಿಗೆ ಉಣಿಸುವ ಮರಕ್ಕೆ ಹಕ್ಕಿಯಿಂದಲೇ ಆರೈಕೆ. ನನಗೆ ಓಕ್‌ನ ಕುರಿತ ಎಲ್ಲ ಪ್ರಯೋಗಗಳಲ್ಲಿ ಇದು ಬಹಳ ಇಷ್ಟವಾದದ್ದು. ಒಂದು ಬಲೆ ಹೊದಿಸಿ ಕಾಡಿನ ಇಷ್ಟು ದೊಡ್ಡ ಸತ್ಯವನ್ನು ಹೊರತೆಗೆದರು.

ಎಲೆ ತಿನ್ನದೆಯೂ ಓಕ್‌ನಲ್ಲಿ ಬಾಳುವ ಕೀಟಗಳಿವೆ. ಸಣ್ಣ ಕಣಜವೊಂದು ಮೊಗ್ಗಿನಲ್ಲೋ ಎಲೆಯಲ್ಲೋ ಮೊಟ್ಟೆ ಇಡುತ್ತದೆ, ಮರದ ಅಂಗಾಂಶ ಆ ಜಾಗದಲ್ಲಿ ಉಬ್ಬಿ ಗಂಟಾಗುತ್ತದೆ, ಮರಿ ಆ ಗಂಟಿನೊಳಗೆ ಬೆಳೆಯುತ್ತದೆ. ಇಂಥ ಗಂಟನ್ನು ಕನ್ನಡಿಗರು ತಲೆಮಾರುಗಳಿಂದ ಬಲ್ಲರು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ, ಬಜೆ, ಜಾಯಿಕಾಯಿಗಳ ಜೊತೆ ಕೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಮಾಚಿಕಾಯಿ ಕಾಯಿಯೇ ಅಲ್ಲ. ತುರ್ಕಿ, ಇರಾನ್ ಕಡೆಯ ಓಕ್ ಮರದಲ್ಲಿ ಕಣಜ ಮಾಡಿಸಿಕೊಂಡ ಗಂಟು ಅದು. ಅದರ ಮೇಲಿನ ಸಣ್ಣ ತೂತು, ಒಳಗಿದ್ದ ಕಣಜ ರೆಕ್ಕೆ ಬಂದು ಹೊರಬಿದ್ದ ಬಾಗಿಲು.

ಇನ್ನು ಬೀಜದ ಕತೆ. ಓಕ್ ಬೀಜ ತಲೆಗೆ ಟೊಪ್ಪಿಗೆ ಹಾಕಿಕೊಂಡ ದುಂಡನೆಯ ಕಾಯಿ. ಕೆಲವು ವರ್ಷ ಮರ ಬೀಜವನ್ನು ಬಿಡುವುದೇ ಕಡಿಮೆ, ಮತ್ತೊಂದು ವರ್ಷ ಊರಿನ ಮರಗಳೆಲ್ಲ ಒಟ್ಟಾಗಿ ಸುರಿಸುತ್ತವೆ. ಸುಗ್ಗಿಯ ವರ್ಷ ತಿನ್ನುವವರ ಹೊಟ್ಟೆ ತುಂಬಿ ಮಿಕ್ಕದ್ದು ಮೊಳೆಯುತ್ತದೆ. ಉದ್ದ ಮೂತಿಯ ಒಂದು ಜಾತಿಯ ಹುಳ ಬೀಜವನ್ನು ಕೊರೆದು ಮೊಟ್ಟೆ ಇಡುತ್ತದೆ. ಮರಿ ಬೀಜ ತಿಂದು ಕೊಬ್ಬಿ, ತೂತು ಮಾಡಿಕೊಂಡು ಮಣ್ಣಿಗಿಳಿಯುತ್ತದೆ. ಅದು ಖಾಲಿ ಮಾಡಿ ಹೋದ ಚಿಪ್ಪಿನೊಳಗೆ ಸಣ್ಣ ಜಾತಿಯ ಇರುವೆಗಳು ರಾಣಿ, ಮೊಟ್ಟೆ, ಮರಿ ಸಮೇತ ಇಡೀ ಸಂಸಾರ ಹೂಡುತ್ತವೆ.

ಬೀಜವನ್ನು ದೂರಕ್ಕೆ ಒಯ್ಯುವ ಕೆಲಸ ಹೆಚ್ಚಾಗಿ ಬ್ಲೂ ಜೇ ಎಂಬ ನೀಲಿ ಹಕ್ಕಿಯದು. ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ನಡೆದ, 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐವತ್ತು ಜೇಗಳು 28 ದಿನಗಳಲ್ಲಿ ಸುಮಾರು 1.33 ಲಕ್ಷ ಓಕ್ ಬೀಜಗಳನ್ನು ಹೊತ್ತೊಯ್ದವು, ಸರಾಸರಿ ಒಂದು ಕಿಲೋಮೀಟರಿಗೂ ಮಿಗಿಲಾದ ದೂರಕ್ಕೆ. ಗಂಟಲಿನಲ್ಲಿ ಎರಡು ಮೂರು, ಬಾಯಲ್ಲೊಂದು, ಕೊಕ್ಕಿನ ತುದಿಯಲ್ಲೊಂದು ಹೀಗೆ ಒಂದೇ ಸಲಕ್ಕೆ ಐದು ಬೀಜದವರೆಗೂ ತುಂಬಿಕೊಳ್ಳುತ್ತವೆ. ಒಯ್ದು ಒಂದೊಂದನ್ನೂ ಮಣ್ಣಿನಲ್ಲಿ, ತರಗೆಲೆಯಡಿ ಹೂಳುತ್ತವೆ. ತಿನ್ನದೆ ಉಳಿದದ್ದು ಗಿಡವಾಗುತ್ತದೆ. ಹಿಮಯುಗ ಮುಗಿದ ಮೇಲೆ ಓಕ್ ಕಾಡು ಉತ್ತರಕ್ಕೆ ಅಷ್ಟು ಬೇಗ ಹಬ್ಬಿದ್ದು ಜೇಗಳಿಂದಲೇ ಇರಬೇಕು ಎಂದು ಸಂಶೋಧಕರು ವಾದಿಸುತ್ತಾರೆ. ಅಳಿಲು ಇನ್ನೊಂದು ಬಗೆಯ ಜಾಣ. ಬಿಳಿ ಓಕ್‌ನ ಬೀಜ ಉದುರಿದ ಶರತ್ಕಾಲದಲ್ಲೇ ಮೊಳೆತು ಬಿಡುತ್ತದೆ, ಕೂಡಿಟ್ಟರೆ ಉಳಿಯದು. ಅದಕ್ಕೇ ಅಳಿಲು ಹೂಳುವ ಮೊದಲು ಬೀಜದ ತುದಿ ಕಚ್ಚಿ ಮೊಳಕೆಯ ಭ್ರೂಣವನ್ನೇ ಕಿತ್ತುಹಾಕುತ್ತದೆ.

ಹಿತ್ತಲಿನ ಮರಗಳು ಗೂಡಿಗೆ ಏನು ಮಾಡುತ್ತವೆ ಎಂಬುದನ್ನು ಡೆಸಿರೇ ನರಾಂಗೊ ಮತ್ತು ಸಂಗಡಿಗರು ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಮನೆಗಳಲ್ಲೇ ಅಳೆದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಹಿತ್ತಲಿನ ಸಸ್ಯರಾಶಿಯಲ್ಲಿ ಶೇ. 70ಕ್ಕಿಂತ ಹೆಚ್ಚು ಸ್ಥಳೀಯ ಗಿಡಗಳಿದ್ದರೆ ಮಾತ್ರ ಚಿಕಡೀ ಸಂತತಿ ಕುಗ್ಗದೆ ನಿಲ್ಲುತ್ತದೆ. ಉತ್ತರ ಅಮೆರಿಕ 1970ರಿಂದೀಚೆಗೆ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರಲ್ಲಿ ಲೆಕ್ಕ ಸಿಕ್ಕಿತು. ಈ ಅಂಕಿ ಓದಿ ಕೈಚೆಲ್ಲುವವರಿಗೆ ಶೇ. 70ರ ಅಂಕಿಯನ್ನೂ ತೋರಿಸಬೇಕು. ಅದು ಮನೆಯವರ ಕೈಯಲ್ಲೇ ಇರುವ ಸಂಗತಿ. ನ್ಯೂಜೆರ್ಸಿ, ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರ ಹಿತ್ತಲುಗಳೂ ಇದೇ ಲೆಕ್ಕಕ್ಕೆ ಸೇರಿವೆ.

ಅಲ್ಲಿ ನೆಡುವವರು ಬಿಳಿ ಓಕ್ ಆರಿಸಿಕೊಳ್ಳಬಹುದು. ಶತಮಾನಗಟ್ಟಲೆ ಬಾಳುವ ಮರ. ಮೇರಿಲ್ಯಾಂಡಿನ ಪ್ರಸಿದ್ಧ ವೈ ಓಕ್ 2002ರ ಜೂನ್ 6ರಂದು ಬಿರುಗಾಳಿಗೆ ಉರುಳಿದಾಗ ಅದಕ್ಕೆ ನಾಲ್ಕೂವರೆ ಶತಮಾನ ದಾಟಿತ್ತೆಂದು ಅಂದಾಜು. ಶರತ್ಕಾಲದಲ್ಲಿ ಹತ್ತಿರದ ಮರದಡಿ ಬಿದ್ದ ಬೀಜ ಆಯ್ದು ನೀರಿಗೆ ಹಾಕಿ. ತೇಲಿದ್ದರಲ್ಲಿ ಹೆಚ್ಚಿನವು ಹುಳ ತಿಂದ ಪೊಳ್ಳು, ಮುಳುಗಿದ್ದನ್ನು ಕೂಡಲೇ ಒಂದೆರಡು ಅಂಗುಲ ಆಳಕ್ಕೆ ನೆಡಿ. ಎಲೆಗಿಂತ ಮೊದಲು ಬೇರು ನೇರ ಕೆಳಗಿಳಿಯುತ್ತದೆ. ಆಳೆತ್ತರದ ಕುಂಡದ ಗಿಡ ತಂದು ನೆಡುವ ಆಸೆ ಬೇಡ. ಕುಂಡದಲ್ಲಿ ಸುತ್ತಿಕೊಂಡ ತಾಯಿಬೇರು ಮತ್ತೆ ನೆಟ್ಟಗಾಗುವುದು ಕಷ್ಟ, ಚಿಕ್ಕ ಸಸಿ ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆ ಹಾಕುತ್ತದೆ. ಜಿಂಕೆ, ಮೊಲಗಳಿಗೆ ಸಿಗದಂತೆ ಸುತ್ತ ತಂತಿಬಲೆ ಹಾಕಲೇಬೇಕು. ಒಂಟಿ ಮರಕ್ಕಿಂತ ಎರಡು ಮೂರನ್ನು ಹತ್ತಿರ ಹತ್ತಿರ ನೆಟ್ಟರೆ ಬೇರುಗಳು ಹೆಣೆದುಕೊಂಡು ಗಾಳಿಗೆ ನಿಲ್ಲುತ್ತವೆ ಎಂಬುದು ಟ್ಯಾಲಮಿಯವರ ಸಲಹೆ.

ಬುಡದ ತರಗೆಲೆಯನ್ನು ಗುಡಿಸಿ ಚೀಲಕ್ಕೆ ತುಂಬಿದರೆ ಅರ್ಧ ಕೆಲಸ ಕೆಟ್ಟಂತೆ. ಓಕ್ ಮೇಲಿನ ಹುಳುಗಳಲ್ಲಿ ಬಹುಪಾಲು ಬೆಳೆದ ಮೇಲೆ ನೆಲಕ್ಕೆ ಬಿದ್ದು ಎಲೆಯಡಿ, ಸಡಿಲ ಮಣ್ಣಿನಲ್ಲಿ ಕೋಶ ಕಟ್ಟುತ್ತವೆ. ಬಿದ್ದ ಜಾಗ ತುಳಿದು ಗಟ್ಟಿಯಾದ ಹುಲ್ಲುಹಾಸಾದರೆ ಅವುಗಳ ಬಾಳು ಅಲ್ಲಿಗೇ ಮುಗಿಯಿತು. ಎಲೆ ಹರಡುವಷ್ಟು ಅಗಲಕ್ಕೆ ಲಾನ್ ತೆಗೆದು ನೆರಳಿನ ಸಣ್ಣ ಸ್ಥಳೀಯ ಗಿಡಗಳನ್ನು ಬೆಳೆಸುವುದು, ರಾತ್ರಿಯಿಡೀ ಉರಿದು ಪತಂಗಗಳನ್ನು ಸೆಳೆಯುವ ಅಂಗಳದ ದೀಪ ಆರಿಸುವುದು, ಇವೆರಡೂ ಮರ ನೆಡುವುದರಷ್ಟೇ ಮುಖ್ಯ.

ಕರ್ನಾಟಕದಲ್ಲಿ ಇದನ್ನು ಓದಿ ಓಕ್ ಹುಡುಕಲು ಹೊರಡಬೇಡಿ. ಭಾರತದ ಓಕ್‌ಗಳು ಹಿಮಾಲಯದಲ್ಲಿ, ಈಶಾನ್ಯದ ಬೆಟ್ಟಗಳಲ್ಲಿವೆ. ಮಣಿಪುರದಲ್ಲಿ ಅವುಗಳ ಎಲೆ ತಿನ್ನಿಸಿ ಟಸರ್ ರೇಷ್ಮೆ ತೆಗೆಯುತ್ತಾರೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಓಕ್ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಟುಂಬದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರಲು ತಂಟೆಯಿಲ್ಲ ಎಂದು ತೋಟದ ಹಳೆಯ ಕಾಡುಮರಗಳ ಜಾಗಕ್ಕೆ ಅದು ಬಂದಿದೆ. ಬೆಳೆಗಾರರ ಕಷ್ಟ ನನಗೆ ಗೊತ್ತು. ಆದರೂ ತೋಟದಲ್ಲಿ ಉಳಿದಿರುವ ಅತ್ತಿ, ಬಸರಿ, ಗೋಣಿ, ಮತ್ತಿ ಮರಗಳನ್ನು ಕಡಿಯುವ ಮೊದಲು ಅವುಗಳ ಎಲೆಯಲ್ಲಿರುವ ತೂತುಗಳನ್ನು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಬಾಲ್ಕನಿಯವರಿಗೂ ಕರಿಬೇವಿನ ಗಿಡವೊಂದು ಸಾಕು. ಅದರ ಎಲೆ ತಿನ್ನುವ ಹಸಿರು ಹುಳು ಮುಂದೆ ಚಿಟ್ಟೆಯಾಗುತ್ತದೆ ಎಂದು ತಿಳಿದರೆ ಔಷಧಿ ಹೊಡೆಯಲು ಕೈ ಬಾರದು.

ಮರ ದೊಡ್ಡದಾಗುವ ಹೊತ್ತಿಗೆ ನಾವು ಇರುತ್ತೇವೋ ಇಲ್ಲವೋ ಎಂದು ಹಿಂಜರಿಯುವವರಿಗೆ ಒಂದು ಮಾತು. ಬಿಳಿ ಓಕ್ ಬೀಜ ಬಿಡಲು ದಶಕಗಳೇ ಹಿಡಿಯುತ್ತವೆ, ನಿಜ. ಆದರೆ ಪತಂಗ ಮೊಟ್ಟೆ ಇಡಲು ಬೀಜಕ್ಕೆ ಕಾಯುವುದಿಲ್ಲ, ಎಲೆ ಇದ್ದರೆ ಸಾಕು. ಮೊಣಕಾಲೆತ್ತರದ ಸಸಿಯ ಎಲೆಯೂ ಓಕ್ ಎಲೆಯೇ. ಅಲ್ಲಿ ಹುಳ ಬಿದ್ದದ್ದು ತಿಳಿದರೆ ಚಿಕಡೀ ಆ ಸಸಿಗೂ ಬರುತ್ತದೆ.