ರಂಗನತಿಟ್ಟಿನ ಪಕ್ಷಿಧಾಮ

ವನ್ಯಜೀವಿಗಳ ಅಭಯಧಾಮವೆಂದೊಡನೆ ನಮ್ಮ ಪಟ್ಟಣವಾಸಿಗಳ ಮನಸ್ಸು ಬಂಡೀಪುರ, ನಾಗರಹೊಳೆಗಳಂತಹ ಮಹಾರಣ್ಯಗಳ ಕಡೆಗೆ ಹರಿಯುವುದು ಸಹಜವೇ ಸರಿ. ಹುಲಿಯನ್ನು ಕಾಣದೆ ಹಿಂದಿರುಗಿದರೆ ಪ್ರಯಾಣದ ವೆಚ್ಚವೇ ವ್ಯರ್ಥವಾಯಿತೆಂದು ಹಲುಬುವವರೂ ಉಂಟು. ಆದರೆ ಶ್ರೀರಂಗಪಟ್ಟಣದ ಮಗ್ಗುಲಲ್ಲಿಯೇ, ಕಾವೇರಿಯ ನಡುವೆ, ಬಂಡೀಪುರದ ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲದ ಒಂದು ಪುಟ್ಟ ಧಾಮವಿರುವುದು. ರಂಗನತಿಟ್ಟಿನ ವಿಸ್ತಾರ 0.67 ಚದರ ಕಿಲೋಮೀಟರ್, ಎಂದರೆ ಸುಮಾರು 165 ಎಕರೆ ಮಾತ್ರ. ಕಳೆದ ಜೂನ್ ತಿಂಗಳ ಒಂದು ಭಾನುವಾರ ನಾವು ಅಲ್ಲಿಗೆ ಹೋಗಿ ಬಂದೆವು. ಕಂಡುದನ್ನೂ, ಕಂಡು ಯೋಚಿಸಿದುದನ್ನೂ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ತಿಟ್ಟುಗಳು ಕೇವಲ ಪ್ರಕೃತಿಯ ಸೃಷ್ಟಿಯಲ್ಲವೆಂಬುದನ್ನು ಮೊದಲು ಅರಿಯಬೇಕು. ಮೈಸೂರಿನ ಅರಸರಾದ ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ಅವಧಿಯಲ್ಲಿ ಬೇಸಾಯಕ್ಕಾಗಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು; ಆಗ ನೀರು ನಿಂತು ನಡುಗಡ್ಡೆಗಳು ಏರ್ಪಟ್ಟವು; ನಾಲ್ಕು ಕಡೆಯೂ ನೀರಿನ ಕಾವಲಿದ್ದುದರಿಂದ ಹಕ್ಕಿಗಳು ಅಲ್ಲಿ ಮನೆ ಮಾಡಿದುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೀಲಿಸುತ್ತ ಬಂದಾಗ ಈ ಸ್ಥಳದ ಮಹತ್ವವನ್ನು ಗುರುತಿಸಿ ಅರಮನೆಗೆ ಅರಿಕೆ ಮಾಡಿದರು. 1940ರಲ್ಲಿ ಇದು ಅಭಯಧಾಮವಾಯಿತು. 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಆ ಗೌರವ ಪಡೆದ ಕರ್ನಾಟಕದ ಮೊದಲ ಸ್ಥಳವೆನಿಸಿತು. ರೈತನಿಗಾಗಿ ಕಟ್ಟಿದ ಕಟ್ಟೆಯು ಹಕ್ಕಿಗೂ ಆಶ್ರಯವಾಯಿತು. ಇಂತಹ ದಾನವು ಅಪೂರ್ವವೇ ಸರಿ.

ನಾವು ದೋಣಿಯನ್ನೇರಿದಾಗ ಬಿಸಿಲು ಇನ್ನೂ ಎಳೆಯದಾಗಿದ್ದಿತು. ಬಂಡೆಯೊಂದರ ಮೇಲೆ ಮೊಸಳೆಯು ಬಾಯ್ದೆರೆದು ಮಲಗಿದ್ದಿತು. ಮರಮರವೂ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದಕೊಕ್ಕು, ನೀರುಕಾಗೆಗಳಿಂದ ತುಂಬಿ, ಸಂತೆಯ ಗದ್ದಲವನ್ನು ಮೀರಿಸುವ ಕಲಕಲವೆದ್ದಿತ್ತು. ಒಂದು ಗೂಡಿನಲ್ಲಿ ತಾಯಿ ಕೊಕ್ಕರೆಯೊಂದು ಅರ್ಧ ರೆಕ್ಕೆ ಬಿಚ್ಚಿ, ಮರಿಗಳ ಮೇಲೆ ಕೊಡೆ ಹಿಡಿದಂತೆ ನಿಶ್ಚಲವಾಗಿ ನಿಂತಿದ್ದುದನ್ನು ಕಂಡೆವು.

ಅಷ್ಟರಲ್ಲಿ ನೆರೆಯ ದೋಣಿಯ ತರುಣರು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಹಕ್ಕಿಗಳು ಒಮ್ಮೆಲೇ ಹಾರಿದರೆ ಮೊಬೈಲಿನಲ್ಲಿ ಚಿತ್ರ ಚೆನ್ನಾಗಿ ಬರುವುದೆಂಬುದೇ ಅವರ ಉದ್ದೇಶ. ಅವರನ್ನು ಗದರಿಸಲೆಂದು ನಾವೂ ಎದ್ದು ನಿಂತು ಕೂಗಿದೆವು. ನಮ್ಮ ಅಂಬಿಗನು ಮೆಲ್ಲನೆ, "ಸ್ವಾಮಿ, ತಾವು ಕೂಗಿದರೂ ಹಕ್ಕಿಗೆ ಅಷ್ಟೇ ಭಯ" ಎಂದನು. ನಾಚಿ ಕುಳಿತುಕೊಂಡೆವು. ತಾಯಿ ಹಾರಿದ ಗೂಡಿನ ಮರಿಗೆ ಬಿಸಿಲೂ ಶತ್ರು, ಕಾಗೆಯೂ ಶತ್ರು. ಉಪದೇಶ ಮಾಡುವವರಿಗೂ ಮೌನದ ಅಭ್ಯಾಸವಿರಬೇಕೆಂಬುದನ್ನು ಆ ದಿನ ಕಲಿತೆವು.

ಆದರೆ ಪ್ರವಾಸಿಗರ ಗದ್ದಲಕ್ಕಿಂತಲೂ ದೊಡ್ಡದಾದ ಅಪಾಯವೊಂದುಂಟು. ಕೆಲವೇ ಮೈಲಿ ಮೇಲೆ ಕೃಷ್ಣರಾಜಸಾಗರದ ಅಣೆಕಟ್ಟಿದೆ. ಅಲ್ಲಿಂದ ನೀರು ರಭಸವಾಗಿ ಇಳಿದಾಗಲೆಲ್ಲ ತಿಟ್ಟುಗಳು ಮುಳುಗುವುವು, ದಂಡೆಯ ಮಣ್ಣು ಕೊಚ್ಚಿಹೋಗುವುದು, ಮರಗಳು ಬುಡ ಸಡಿಲಿ ಉರುಳುವುವು. 2018 ಮತ್ತು 2019ರ ಆಗಸ್ಟ್ ಪ್ರವಾಹಗಳಲ್ಲಿ ದೋಣಿಗಳು ನಿಂತುಹೋದುವು, ನಡುಗಡ್ಡೆಗಳು ಜಲಾವೃತವಾದುವು. ಬೇಸಗೆಯಲ್ಲಿ ನೀರಿನ ಮಟ್ಟಕ್ಕೆ ತುಸುವೇ ಮೇಲಿರುವ ಬರಿಯ ಬಂಡೆಗಳ ಮೇಲೆ ಮೊಟ್ಟೆಯಿಡುವ ನದಿ ರೀವಗಳ ಸ್ಥಿತಿ ಇನ್ನೂ ದಾರುಣ. ಅವಕ್ಕೆ ಪ್ರವಾಹವೇ ಬೇಕಿಲ್ಲ, ಒಂದೆರಡು ಅಡಿ ನೀರೇರಿದರೂ ಸಾಕು.

ತುಂಬಿದ ಜಲಾಶಯದಿಂದ ನೀರು ಬಿಡಬಾರದೆಂದು ಬುದ್ಧಿಯುಳ್ಳ ಯಾರೂ ಹೇಳಲಾರರು. ಅಣೆಕಟ್ಟಿನ ಭದ್ರತೆ ಮೊದಲು, ಕೆಳಗಿನ ಜನರ ಪ್ರಾಣ ಮೊದಲು. ಆದರೆ ಮುಂಗಾರಿನ ಒಳಹರಿವನ್ನು ಮುಂಚಿತವಾಗಿ ಲೆಕ್ಕಹಾಕಿ, ಕಡೆಯ ಗಳಿಗೆಯವರೆಗೆ ತಡೆಯದೆ ನೀರನ್ನು ಹಂತಹಂತವಾಗಿ ಬಿಡುವುದು ಅಸಾಧ್ಯವೇ? ಬೇಸಗೆಯಲ್ಲಿ ನದಿಗೆ ನೀರು ಬಿಡುವ ಮುನ್ನ ನೀರಾವರಿಯ ಅಧಿಕಾರಿಗಳೂ ಅರಣ್ಯ ಇಲಾಖೆಯವರೂ ಒಂದೆಡೆ ಕುಳಿತು, ಯಾವ ಬಂಡೆಯಲ್ಲಿ ಗೂಡಿದೆ, ಎಷ್ಟು ನೀರಿಗೆ ಅದು ಮುಳುಗುವುದು ಎಂದು ವಿಚಾರಿಸುವುದು ಕಷ್ಟವೇ? ಇದಕ್ಕೆ ಹಣ ಬೇಡ, ಹೊಸ ಕಾನೂನು ಬೇಡ, ಮನಸ್ಸೊಂದು ಬೇಕು.

ಇನ್ನೊಂದು ಮಾತು. ತಿಟ್ಟಿನಲ್ಲಿ ಹಕ್ಕಿಗೆ ವಾಸ ಮಾತ್ರ. ಊಟಕ್ಕೆ ಸುತ್ತಲಿನ ಕೆರೆ, ನಾಲೆ, ಗದ್ದೆಗಳೂ ಬೇಕು. ಬಾಯ್ಕಳಕವು ಬತ್ತದ ಗದ್ದೆಯ ಬಸವನಹುಳುಗಳನ್ನು ಹೆಕ್ಕಿ ರೈತನಿಗೆ ಕೂಲಿಯಿಲ್ಲದೆ ದುಡಿಯುವುದು. ಆ ಕೆರೆಗಳು ಬಡಾವಣೆಗಳಾಗಿ, ಗದ್ದೆಗಳಿಗೆ ವಿಷವೆರಚಿದರೆ ಧಾಮದ ಬೇಲಿ ಯಾರನ್ನು ಕಾದೀತು? ಇದೇ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಗ್ರಾಮಸ್ಥರು ಹಿತ್ತಲ ಹುಣಿಸೆಮರಗಳನ್ನೇ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಸರಕಾರವು 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವುದಕ್ಕೆ ಎಷ್ಟೋ ಹಿಂದಿನಿಂದ ಅಲ್ಲಿ ಹಕ್ಕಿಗಳನ್ನು ಕಾದುದು ಬೇಲಿಯಲ್ಲ, ಜನರ ಅಭಿಮಾನ.

ರಂಗನತಿಟ್ಟನ್ನು ನಮ್ಮ ಪೂರ್ವಿಕರು ತಿಳಿಯದೆಯೇ ನಿರ್ಮಿಸಿದರು. ನಾವು ತಿಳಿದೂ ಅದನ್ನು ಕಳೆದುಕೊಂಡರೆ ಮುಂದಿನವರಿಗೆ ಏನು ಸಮಾಧಾನ ಹೇಳೋಣ? ಅಧಿಕಾರಿವರ್ಗವು ಈ ವಿಷಯದಲ್ಲಿ ಲಕ್ಷ್ಯವಿಡುವುದೆಂದು ಆಶಿಸುತ್ತೇವೆ. ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ: ಒಮ್ಮೆ ಹೋಗಿ ನೋಡಿ, ನೋಡುವಾಗ ಮಾತ್ರ ದಯವಿಟ್ಟು ಮಾತಾಡಬೇಡಿ.